ಬೌದ್ಧ ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋದದ್ದು ಹೇಗೆ?



ಇಂದಿನ ಪಾಠ ದಿನಕ್ಕಿಂತ ಸ್ವಲ್ಪ ಉದ್ದ ಇದೆ. ಬಸ್ಸಿನಲ್ಲೋ ಮೆಟ್ರೋದಲ್ಲೋ ಸೀಟು ಸಿಕ್ಕಾಗ ಓದಿ.

ಕಳೆದ ಭಾನುವಾರ ಬನಶಂಕರಿಯಲ್ಲಿ ಸೇರಿದ್ದಾಗ ಬಿಟಿಎಂ ಲೇಔಟ್‌ನ ನಮ್ಮ ತಂಗಿಯೊಬ್ಬಳು ಒಂದು ಪ್ರಶ್ನೆ ಎತ್ತಿದಳು. ಅವಳ ಆಫೀಸಿನಲ್ಲಿ ಯಾರೋ ಕೇಳಿದರಂತೆ: “ಬುದ್ಧನ ದಾರಿ ಹಿಡಿದರೆ ಶಾಂತಿ, ಸಮಾನತೆ ಅಂತೀರಲ್ಲ, ಜಪಾನ್ ಬೌದ್ಧ ದೇಶ ತಾನೇ? ಚೀನಾದಲ್ಲಿ ಅದು ಮಾಡಿದ್ದೇನು?” ಅವಳಿಗೆ ಉತ್ತರ ಹೊಳೆಯಲಿಲ್ಲ. ನಮ್ಮಲ್ಲೇ ಒಬ್ಬರು “ಅವರು ನಿಜವಾದ ಬೌದ್ಧರಲ್ಲ ಅಂದುಬಿಡಮ್ಮ” ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಅಲ್ಲೇ ಹೇಳಿದೆ. ನಾವು ಮನುಸ್ಮೃತಿಯ ಮಾತೆತ್ತಿದಾಗ “ಅದು ನಿಜವಾದ ಧರ್ಮ ಅಲ್ಲ ಬಿಡಿ” ಎಂದು ಜಾರಿಕೊಳ್ಳುವವರನ್ನು ಎಷ್ಟು ಸಲ ನೋಡಿದ್ದೇವೆ? ಅದೇ ಕಿಂಡಿಯಲ್ಲಿ ನಾವೂ ನುಸುಳುವುದು ಬೇಡ. ಮೊದಲು ಏನಾಯಿತು ಅಂತ ತಿಳಿಯೋಣ.

1894–95ರ ಯುದ್ಧದಲ್ಲಿ ಚೀನಾವನ್ನು ಸೋಲಿಸಿ ಜಪಾನ್ ತೈವಾನನ್ನು ಕಿತ್ತುಕೊಂಡಿತು. 1915ರಲ್ಲಿ ಯುರೋಪಿನವರು ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದ ಸಮಯ ನೋಡಿ ಚೀನಾದ ಮುಂದೆ 21 ಬೇಡಿಕೆಗಳ ಪಟ್ಟಿ ಇಟ್ಟಿತು. 1919ರಲ್ಲಿ ಪ್ಯಾರಿಸ್ಸಿನ ಶಾಂತಿ ಸಭೆ ಶಾಂಡಾಂಗ್ ಪ್ರಾಂತದಲ್ಲಿ ಜರ್ಮನರಿಗಿದ್ದ ಹಕ್ಕುಗಳನ್ನು ಚೀನಾಕ್ಕೆ ಮರಳಿಸದೆ ಜಪಾನಿಗೆ ಕೊಟ್ಟಿತು. ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗೆ ಬಂದರು. ಅಂಗಡಿಯವರು ಬಾಗಿಲು ಹಾಕಿದರು, ಕಾರ್ಖಾನೆಯ ಕೆಲಸಗಾರರು ಮುಷ್ಕರ ಹೂಡಿದರು, ಊರೂರಲ್ಲಿ ಜಪಾನಿನ ಸರಕಿಗೆ ಬಹಿಷ್ಕಾರ ಬಿತ್ತು. ಬಹಿಷ್ಕಾರ ಅಂದರೆ ನಮಗೆ ನೆನಪಾಗುವುದೇ ಬೇರೆ: ಊರಿನ ಬಲಾಢ್ಯರು ಕೇರಿಯವರಿಗೆ ನೀರು, ಕೂಲಿ, ಕಿರಾಣಿ ನಿಲ್ಲಿಸುವುದು. ಇಲ್ಲಿ ಕೈಲಾಗದವರು ಬಲಾಢ್ಯನ ವಿರುದ್ಧ ಅದನ್ನು ತಿರುಗಿಸಿದರು.

ಈ ಮೇ ನಾಲ್ಕರ ಚಳವಳಿ ಜಪಾನನ್ನು ಬೈಯುವಲ್ಲಿಗೆ ನಿಲ್ಲಲಿಲ್ಲ. ನಮ್ಮ ದೇಶ ಇಷ್ಟು ದುರ್ಬಲವಾದದ್ದು ಯಾಕೆ ಎಂದು ಆ ಹುಡುಗರು ಕೇಳಿಕೊಂಡರು. ತಂದೆಯ ಮಾತೇ ಕೊನೆ ಎನ್ನುವ ಮನೆ, ಹೆಣ್ಣುಮಕ್ಕಳ ಕಾಲು ಕಟ್ಟುವ ಪದ್ಧತಿ, ಪಂಡಿತರಿಗೆ ಮಾತ್ರ ಅರ್ಥವಾಗುವ ಬರಹದ ಭಾಷೆ, ಎಲ್ಲವೂ ವಿಚಾರಣೆಗೆ ಬಂದವು. ಆಡುವ ಭಾಷೆಯಲ್ಲೇ ಬರೆಯಬೇಕೆಂದು ಹಟ ಹಿಡಿದರು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬನಾದ ಚೆನ್ ದುಷ್ಯು 1921ರಲ್ಲಿ ಚೀನಾ ಕಮ್ಯುನಿಸ್ಟ್ ಪಕ್ಷದ ಸ್ಥಾಪಕರಲ್ಲೂ ಒಬ್ಬನಾದ. ಹೊರಗಿನ ಅವಮಾನ ಒಳಗಿನ ಅನ್ಯಾಯವನ್ನು ನೋಡುವ ಕಣ್ಣು ತೆರೆಸಿತು. ನಮ್ಮ ದೇಶದಲ್ಲಿ ಹಾಗಾಗಲಿಲ್ಲ ಎಂಬುದೇ ಬಾಬಾಸಾಹೇಬರ ದೂರಾಗಿತ್ತು: ಬ್ರಿಟಿಷರು ಹೋಗಲಿ ಎಂದವರಲ್ಲಿ ಬಹುಪಾಲು ಜನರಿಗೆ ಜಾತಿ ಹೋಗುವುದು ಬೇಕಿರಲಿಲ್ಲ.

1931ರ ಸೆಪ್ಟೆಂಬರ್ 18ರಂದು ಮಂಚೂರಿಯಾದ ಮುಕ್ಡೆನ್ ಬಳಿ ಜಪಾನಿನ ಸೇನಾಧಿಕಾರಿಗಳೇ ತಮ್ಮ ರೈಲು ಹಳಿಯ ಕೆಳಗೆ ಸ್ಫೋಟ ನಡೆಸಿ, ಚೀನೀಯರು ಮಾಡಿದರು ಎಂದು ಹೇಳಿ ಇಡೀ ಪ್ರದೇಶ ಹಿಡಿದರು. ಅದೇ ತಿಂಗಳು ಬಾಬಾಸಾಹೇಬರು ಲಂಡನ್ನಿನಲ್ಲಿ ಎರಡನೇ ದುಂಡುಮೇಜಿನ ಸಭೆಯಲ್ಲಿ ನಮ್ಮ ಪ್ರಾತಿನಿಧ್ಯಕ್ಕಾಗಿ ವಾದಿಸುತ್ತಿದ್ದರು. 1932ರಲ್ಲಿ ಜಪಾನ್ ಅಲ್ಲಿ ‘ಮಂಚುಕುವೊ’ ಎಂಬ ರಾಜ್ಯ ಕಟ್ಟಿ, ಪದಚ್ಯುತ ಚಕ್ರವರ್ತಿ ಪುಯಿಯನ್ನು ಗೊಂಬೆಯ ಹಾಗೆ ಕೂರಿಸಿತು. ರಾಷ್ಟ್ರಸಂಘ ಲಿಟನ್ ಸಮಿತಿ ಕಳಿಸಿತು (ಈ ಲಿಟನ್ ಹಿಂದೆ ಬಂಗಾಳದ ಗವರ್ನರ್ ಆಗಿದ್ದವನು). ವರದಿ ಬಂತು. 1933ರಲ್ಲಿ ಜಪಾನ್ ರಾಷ್ಟ್ರಸಂಘವನ್ನೇ ಬಿಟ್ಟು ಹೊರಟಿತು. ವರದಿ ಉಳಿಯಿತು, ನೆಲ ಹೋಯಿತು.

ಚೀನಾದ ನಾಯಕ ಚಿಯಾಂಗ್ ಕೈಶೇಕ್ ಆಗ ಹಿಡಿದಿದ್ದ ನೀತಿ, ಮೊದಲು ಒಳಗಿನ ಕಮ್ಯುನಿಸ್ಟರನ್ನು ಮುಗಿಸೋಣ, ಜಪಾನನ್ನು ಆಮೇಲೆ ನೋಡೋಣ ಎಂಬುದು. ಜನಕ್ಕೆ ಇದು ನುಂಗಲಾರದ ತುತ್ತಾಯಿತು. 1936ರ ಡಿಸೆಂಬರಿನಲ್ಲಿ ಶಿಯಾನ್ ನಗರದಲ್ಲಿ ಅವನದೇ ಸೇನಾನಿ ಝಾಂಗ್ ಶುಯೆಲಿಯಾಂಗ್ ಅವನನ್ನು ಬಂಧಿಸಿ, ಎಲ್ಲರೂ ಸೇರಿ ಜಪಾನಿನ ವಿರುದ್ಧ ಹೋರಾಡಬೇಕೆಂದು ಪಟ್ಟು ಹಿಡಿದ. ಈ ಝಾಂಗ್‌ನ ತಂದೆಯನ್ನು 1928ರಲ್ಲಿ ಜಪಾನಿನ ಅಧಿಕಾರಿಗಳು ರೈಲಿಗೆ ಬಾಂಬಿಟ್ಟು ಕೊಂದಿದ್ದರು. ಹೀಗೆ ಎರಡು ಪಕ್ಷಗಳು, ಮನಸ್ಸಿಲ್ಲದಿದ್ದರೂ, ಕೈ ಜೋಡಿಸಿದವು.

1937ರ ಜುಲೈ 7ರಂದು ಪೂರ್ಣ ಯುದ್ಧಕ್ಕೆ ಕಿಡಿ ಬಿತ್ತು. ಶಾಂಘೈ ಮೂರು ತಿಂಗಳು ಹೋರಾಡಿ ಸೋತಿತು. ಡಿಸೆಂಬರ್ 13ರಂದು ರಾಜಧಾನಿ ನಾನ್‌ಜಿಂಗ್ ಬಿತ್ತು. ಆಮೇಲಿನ ವಾರಗಳಲ್ಲಿ ಶರಣಾದ ಸೈನಿಕರನ್ನೂ ಸಾಮಾನ್ಯ ಜನರನ್ನೂ ಕೊಂದರು, ಹೆಣ್ಣುಮಕ್ಕಳ ಮೇಲೆ ಊಹಿಸಲಾರದ ಅತ್ಯಾಚಾರ ನಡೆಸಿದರು. ಸತ್ತವರು 2 ಲಕ್ಷಕ್ಕೂ ಹೆಚ್ಚು ಎಂದು ಟೋಕಿಯೋ ವಿಚಾರಣೆ ಹೇಳಿತು. 3 ಲಕ್ಷ ಎನ್ನುವುದು ಚೀನಾ ಸರ್ಕಾರದ ಲೆಕ್ಕ. 1938ರ ಜೂನಿನಲ್ಲಿ ಜಪಾನಿನ ದಂಡನ್ನು ತಡೆಯಲು ಚಿಯಾಂಗ್ ಸರ್ಕಾರವೇ ಹಳದಿ ನದಿಯ ಏರಿ ಒಡೆಸಿತು. ಮುಳುಗಿದವರು, ಆಮೇಲೆ ಹಸಿವಿನಿಂದ ಸತ್ತವರು ಲಕ್ಷಗಟ್ಟಲೆ ರೈತರು. ಅವರಿಗೆ ಮುಂಚೆ ಒಂದು ಮಾತು ತಿಳಿಸಿರಲಿಲ್ಲ. ದೇಶ ಉಳಿಸುವ ಲೆಕ್ಕಾಚಾರದಲ್ಲಿ ಯಾರ ಹೊಲ ಮುಳುಗುತ್ತದೆ ಎಂಬುದನ್ನು ನಾವು ಯಾವಾಗಲೂ ಕೇಳಬೇಕು.

ಸರ್ಕಾರ ದೂರದ ಚಾಂಗ್‌ಚಿಂಗ್‌ಗೆ ಹೋಯಿತು. ವಿಶ್ವವಿದ್ಯಾಲಯಗಳು ಪುಸ್ತಕ, ಮೇಷ್ಟ್ರು, ಮಕ್ಕಳ ಸಮೇತ ಕುನ್‌ಮಿಂಗ್‌ವರೆಗೆ ವಲಸೆ ಹೋದವು. ಕೋಟಿಗಟ್ಟಲೆ ಜನ ಮನೆ ಬಿಟ್ಟರು. ಬೆಲೆ ಏರುತ್ತಾ ಏರುತ್ತಾ ಮೇಷ್ಟ್ರುಗಳ, ಗುಮಾಸ್ತರ ಸಂಬಳಕ್ಕೆ ಅಕ್ಕಿಯೂ ಬಾರದಾಯಿತು. ಬಡ ರೈತರ ಮಕ್ಕಳನ್ನು ಹಗ್ಗ ಕಟ್ಟಿ ಸೈನ್ಯಕ್ಕೆ ಎಳೆದೊಯ್ದರು, ದುಡ್ಡಿದ್ದವರ ಮಕ್ಕಳು ತಪ್ಪಿಸಿಕೊಂಡರು. ಉತ್ತರದ ಹಳ್ಳಿಗಳಲ್ಲಿ ಜಪಾನಿನ ಸೈನ್ಯ ನಡೆಸಿದ ದಾಳಿಗೆ ಚೀನೀಯರು ಇಟ್ಟ ಹೆಸರು ‘ಮೂರು ಸರ್ವ’: ಎಲ್ಲರನ್ನೂ ಕೊಲ್ಲು, ಎಲ್ಲವನ್ನೂ ಸುಡು, ಎಲ್ಲವನ್ನೂ ದೋಚು. ಆ ಹಳ್ಳಿಗಳಲ್ಲೇ ಕಮ್ಯುನಿಸ್ಟರು ಗೇಣಿ ಇಳಿಸಿ, ಬಡ್ಡಿ ತಗ್ಗಿಸಿ, ರೈತರನ್ನು ಸಂಘಟಿಸಿ ಬೇರೂರಿದರು. 1937ರಲ್ಲಿ ಸುಮಾರು 40 ಸಾವಿರ ಇದ್ದ ಪಕ್ಷದ ಸದಸ್ಯರು 1945ರ ಹೊತ್ತಿಗೆ 12 ಲಕ್ಷ. 1949ರಲ್ಲಿ ದೇಶವೇ ಅವರ ಕೈಗೆ ಬಂತು. ಏಷ್ಯಾವನ್ನು ಕಮ್ಯುನಿಸಂನಿಂದ ಕಾಪಾಡುತ್ತೇವೆ ಎಂಬುದೂ ಜಪಾನ್ ಕೊಟ್ಟ ಕಾರಣಗಳಲ್ಲಿ ಒಂದಾಗಿತ್ತು!

ಇದೆಲ್ಲ ದೂರದ ಕಥೆ ಅನ್ನಿಸಬಹುದು. ನಮ್ಮ ಬೆಂಗಳೂರಿನ ಎಚ್‌ಎಎಲ್ ಅದೇ ಯುದ್ಧದ ಕೂಸು. ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿ ಚೀನಾಕ್ಕೆ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ಜಪಾನಿನ ದಾಳಿಗೆ ಅದು ಹಾಂಗ್‌ಝೌನಿಂದ ಹ್ಯಾಂಕೌಗೆ, ಅಲ್ಲಿಂದ ಬರ್ಮಾ ಗಡಿಯ ಲೊಯ್ವಿಂಗ್‌ಗೆ ಓಡಿತು. 1940ರಲ್ಲಿ ಅಲ್ಲೂ ಬಾಂಬ್ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ವಾಲ್‌ಚಂದ್ ಹಿರಾಚಂದ್, ಪಾಲಿಯ ನೆರವು ಮತ್ತು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಶುರುವಿನಲ್ಲಿ ಇಲ್ಲಿ ಜೋಡಿಸಿದ ವಿಮಾನಗಳಲ್ಲಿ ಚೀನಾಕ್ಕೆಂದು ಉದ್ದೇಶಿಸಿದವೂ ಇದ್ದವು. 1943ರಿಂದ ಅಮೆರಿಕನ್ ವಾಯುಪಡೆ ಇದೇ ಜಾಗವನ್ನು ರಿಪೇರಿ ಡಿಪೋ ಮಾಡಿಕೊಂಡಿತು. ನಮ್ಮ ಜಯನಗರಕ್ಕೆ ಆಗಿನ್ನೂ ಅಡಿಗಲ್ಲೂ ಬಿದ್ದಿರಲಿಲ್ಲ, ಅದಾದದ್ದು 1948ರಲ್ಲಿ. ನಮ್ಮ ಕನ್ನಡಿಗರೂ ನೆಲೆಸಿರುವ ಗಡಿಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೊಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋಗಿ, ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು.

ಈಗ ಕಷ್ಟದ ಭಾಗ. ಜಪಾನಿನ ಬೌದ್ಧ ಪಂಥಗಳು ಈ ಯುದ್ಧವನ್ನು ಸುಮ್ಮನೆ ನೋಡುತ್ತ ಕೂತಿರಲಿಲ್ಲ. ಹೆಚ್ಚಿನವು ಅದನ್ನು ಬೆಂಬಲಿಸಿದವು. 1868ರ ನಂತರ ಅಲ್ಲಿನ ಸರ್ಕಾರ ಶಿಂಟೊವನ್ನು ಎತ್ತಿಹಿಡಿದು ಬೌದ್ಧ ವಿಹಾರಗಳನ್ನು ತುಳಿದಿತ್ತು. ಪೆಟ್ಟು ತಿಂದವರು ತಮ್ಮ ದೇಶನಿಷ್ಠೆ ತೋರಿಸಲು ಮುಗಿಬಿದ್ದರು. ಸೈನ್ಯದ ಜೊತೆ ಅರ್ಚಕರು ಹೋದರು. ಗೆದ್ದ ಊರುಗಳಲ್ಲಿ ವಿಹಾರ ಕಟ್ಟಿದರು. ಯುದ್ಧವೂ ಕರುಣೆಯ ಕೆಲಸ ಎಂದು ಬೋಧಿಸಿದರು. ಅನತ್ತವನ್ನು, ಅಂದರೆ ‘ನಾನು’ ಎಂಬುದು ಇಲ್ಲ ಎಂಬ ಬೋಧನೆಯನ್ನು, ‘ಹಾಗಿದ್ದರೆ ಚಕ್ರವರ್ತಿಗಾಗಿ ಸಾಯಲು ಅಂಜಿಕೆ ಯಾಕೆ’ ಎಂದು ತಿರುಚಿದರು. ಸೈನಿಕರು ಗೆಲುವು ಬೇಡಿ ಬುದ್ಧನ ಗುಡಿಗೆ ಹೋದ ಸುದ್ದಿ ಓದಿ ರವೀಂದ್ರನಾಥ ಠಾಕೂರರು ‘ಬುದ್ಧಭಕ್ತಿ’ ಎಂಬ ಕಟುವಾದ ಕವಿತೆ ಬರೆದರು.

ನಮಗೆ ಇನ್ನೂ ಹತ್ತಿರದ ವಿಷಯ ಬುರಾಕು ಜನರದು. ಚರ್ಮದ ಕೆಲಸ, ಸತ್ತ ದನದ ಕೆಲಸ ಮಾಡುತ್ತಾರೆಂದು ಜಪಾನಿನಲ್ಲಿ ಅಸ್ಪೃಶ್ಯರಾಗಿದ್ದವರು. 1871ರಲ್ಲಿ ಕಾನೂನು ಅವರನ್ನು ಸಮಾನರೆಂದಿತು, ಊರು ಅನ್ನಲಿಲ್ಲ. ಬೌದ್ಧ ಪುರೋಹಿತರೇ ಅವರ ಸಮಾಧಿಯ ಕಲ್ಲಿನ ಮೇಲೆ ಹೀನಾಯದ ಗುರುತಿರುವ ಹೆಸರು ಬರೆದರು. ನಿಮ್ಮ ಕಷ್ಟ ಹಿಂದಿನ ಜನ್ಮದ ಕರ್ಮ ಎಂದರು. ಈ ಮಾತು ನಮಗೆ ಹೊಸದೇ? 1922ರಲ್ಲಿ ಬುರಾಕು ಜನ ಕ್ಯೋಟೋದಲ್ಲಿ ‘ಸುಯಿಹೆಯ್‌ಶಾ’ ಎಂಬ ಸಂಘಟನೆ ಕಟ್ಟಿದರು. ಯುದ್ಧ ಬಂದಾಗ ಅದೂ ಒತ್ತಡಕ್ಕೆ ಮಣಿದು ಸರ್ಕಾರದ ಹಿಂದೆ ಹೋಯಿತು. ಮಂಚೂರಿಯಾದಲ್ಲಿ ಭೂಮಿ ಸಿಗುತ್ತದೆ, ಅಲ್ಲಿ ಕೀಳು ಅನ್ನುವವರಿಲ್ಲ ಎಂಬ ಆಸೆಗೆ ಕುಮಾಮೊಟೊದ ಬುರಾಕು ಕುಟುಂಬಗಳೂ ಹೋದವು. ಕೊಟ್ಟ ಭೂಮಿ ಚೀನೀ ರೈತರಿಂದ ಕಿತ್ತದ್ದು. 1945ರ ಆಗಸ್ಟಿನಲ್ಲಿ ಜಪಾನ್ ಸೋತು ಸೈನ್ಯ ಕೈಬಿಟ್ಟಾಗ ಆ ವಸಾಹತಿನ ಇನ್ನೂರಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿ, ಸಾಮೂಹಿಕವಾಗಿ ಪ್ರಾಣ ಬಿಟ್ಟರು. ನಾನು ಇದನ್ನು ಮೊದಲು ಓದಿದ ದಿನ ಮುಂದಿನ ಪುಟ ತಿರುಗಿಸಲು ಆಗಲಿಲ್ಲ. ತುಳಿತಕ್ಕೊಳಗಾದವನಿಗೆ ಇನ್ನೊಬ್ಬನನ್ನು ತುಳಿಯುವ ಅವಕಾಶವನ್ನೇ ಬಿಡುಗಡೆ ಎಂದು ಮಾರುವ ಕಲೆ ಅದು. ನಮ್ಮ ಹುಡುಗರನ್ನು ಗಲಭೆಗಳಿಗೆ ಮುಂದೆ ಬಿಡುವವರು ಇಂದಿಗೂ ಅದೇ ಕಲೆ ಬಲ್ಲವರು.

ಎಲ್ಲರೂ ಮಣಿಯಲಿಲ್ಲ ಎಂಬುದನ್ನೂ ಹೇಳಬೇಕು. ಸೋಟೋ ಝೆನ್ ಭಿಕ್ಷು ಉಚಿಯಾಮ ಗುಡೊ ಗೇಣಿದಾರರ ಪರ ನಿಂತು, ಚಕ್ರವರ್ತಿಯ ದೈವತ್ವವನ್ನು ಪ್ರಶ್ನಿಸಿ 1911ರಲ್ಲಿ ಗಲ್ಲಿಗೇರಿದ. ಅವನ ಪಂಥವೇ ಅವನನ್ನು ಹೊರಹಾಕಿತು. 1993ರಲ್ಲಿ ಮತ್ತೆ ಸೇರಿಸಿಕೊಂಡಿತು. ಬುರಾಕು ಭಕ್ತರೇ ಹೆಚ್ಚಿದ್ದ ವಿಹಾರದ ತಕಾಗಿ ಕೆನ್ಮ್ಯೋ ರಷ್ಯಾ ಯುದ್ಧವನ್ನು ವಿರೋಧಿಸಿದ್ದ. ಅದೇ ಮೊಕದ್ದಮೆಯಲ್ಲಿ ಸಿಕ್ಕಿ 1914ರಲ್ಲಿ ಜೈಲಿನಲ್ಲಿ ಸತ್ತ. ತಕೆನಾಕ ಶೋಗೆನ್ 1937ರಲ್ಲಿ ಯುದ್ಧ ಪಾಪ ಎಂದದ್ದಕ್ಕೆ ಶಿಕ್ಷೆ ಅನುಭವಿಸಿದ. 1992ರಲ್ಲಿ ಸೋಟೋ ಪಂಥ ತನ್ನ ಯುದ್ಧಕಾಲದ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಚೀನಾದ ಭಿಕ್ಷುಗಳು ಶಾಂಘೈನಲ್ಲಿ ಗಾಯಾಳುಗಳನ್ನು ಹೊರುವ ತಂಡ ಕಟ್ಟಿದರು. ಅವರ ಹಿರಿಯ ತೈಶು 1940ರಲ್ಲಿ ಭಾರತಕ್ಕೂ ಬಂದು ಚೀನಾದ ಪರ ಬೆಂಬಲ ಕೇಳಿದರು.

ಬಾಬಾಸಾಹೇಬರು ಏನು ಮಾಡಿದರು? ಜಪಾನ್ ಏಷ್ಯಾದ ದೇಶ, ಬ್ರಿಟಿಷರನ್ನು ಓಡಿಸುತ್ತದೆ ಎಂಬ ಆಸೆ ನಮ್ಮಲ್ಲಿ ಅನೇಕರಿಗಿತ್ತು. ಅವರಿಗೆ ಇರಲಿಲ್ಲ. 1942ರ ಜುಲೈನಲ್ಲಿ ವೈಸರಾಯ್ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯರಾದ ಅವರು ನವೆಂಬರಿನಲ್ಲಿ ರೇಡಿಯೋದಲ್ಲಿ ಮಾತಾಡಿ, ಸ್ವಾತಂತ್ರ್ಯ, ಸಮಾನತೆ, ಸೋದರತೆಯ ಮೇಲೆ ನಿಲ್ಲುವ ಹೊಸ ವ್ಯವಸ್ಥೆಗಾಗಿ ಕಾರ್ಮಿಕರು ಈ ಯುದ್ಧ ಗೆಲ್ಲಲೇಬೇಕು ಎಂದು ವಾದಿಸಿದರು. ಮಹಾರರಿಗೆ ಸೈನ್ಯದ ಬಾಗಿಲು ಮತ್ತೆ ತೆರೆಯಬೇಕೆಂದು ಒತ್ತಾಯಿಸುತ್ತಲೇ ಇದ್ದರು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರಿನಲ್ಲಿ. ಎರಡನೆಯದು ಬರ್ಮಾದಲ್ಲಿ ಜಪಾನೀಯರ ವಿರುದ್ಧದ ಕಾರ್ಯಾಚರಣೆಗೆ ಹೋಯಿತು. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅನಿವಾರ್ಯತೆ ಬೇರೆ ಎಂದು ಬಿಡಿಸಿ ಹೇಳುತ್ತಾರೆ. ನಾನ್‌ಜಿಂಗಿನಲ್ಲಿದ್ದದ್ದು ಮೊದಲನೆಯದು. ಲೊಯ್ವಿಂಗನ್ನು ಕಾಯುತ್ತಿದ್ದವನದು ಎರಡನೆಯದು. ಹಾಗೆಂದು ಅನಿವಾರ್ಯತೆಯ ಹೆಸರು ಹೇಳದ ದಂಡನಾಯಕ ಯಾರೂ ಇಲ್ಲ. ಜಪಾನೂ ಅದನ್ನೇ ಹೇಳಿತು. ಆದ್ದರಿಂದ ಅದು ನಿಜವೋ ಎಂದು ಪರೀಕ್ಷಿಸುವ ಕೆಲಸ ನಮ್ಮ ಮೇಲೇ ಬೀಳುತ್ತದೆ.

ಆ ಪರೀಕ್ಷೆಗೆ ಅದೇ ಪುಸ್ತಕದ ಮೊದಲ ಕಾಂಡದಲ್ಲಿ ಒಂದು ಪ್ರಸಂಗವಿದೆ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಸಾರಬೇಕೆಂದು ಶಾಕ್ಯರ ಸಂಘ ಬಹುಮತದಿಂದ ತೀರ್ಮಾನಿಸುತ್ತದೆ. ಸಿದ್ಧಾರ್ಥ ವಿರೋಧಿಸುತ್ತಾನೆ. ಎರಡೂ ಕಡೆಯಿಂದ ಇಬ್ಬಿಬ್ಬರು ಕೂತು ಐದನೆಯವನನ್ನು ಆರಿಸಿಕೊಂಡು ಜಗಳ ತೀರಿಸಲಿ ಎನ್ನುತ್ತಾನೆ. ಸಂಘ ಒಪ್ಪುವುದಿಲ್ಲ. ಅವನ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ, ಭೂಮಿ ಮುಟ್ಟುಗೋಲು ಎಂದು ಸೇನಾಪತಿ ಹೆದರಿಸುತ್ತಾನೆ. 1991ರ ಕಾವೇರಿ ಗಲಭೆಯಲ್ಲಿ ಇದೇ ಬೆಂಗಳೂರಿನಲ್ಲಿ ಕೂಲಿಕಾರ ತಮಿಳರ ಗುಡಿಸಲು ಉರಿದದ್ದನ್ನು ಕಂಡ ಹಿರಿಯರು ನಮ್ಮ ಗುಂಪಿನಲ್ಲಿದ್ದಾರೆ. ಅವರ ಮಾತನ್ನೂ ಈ ಸಲ ಕೇಳೋಣ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬನಶಂಕರಿಯ ಅದೇ ಮನೆ. ಆ ಭಾಗವನ್ನು ಓದಿಕೊಂಡು ಬನ್ನಿ. ಪುಸ್ತಕ ಇಲ್ಲದವರು ಗುಂಪಿನಲ್ಲಿ ತಿಳಿಸಿ, ಜೆಪಿ ನಗರದ ಅಣ್ಣನ ಹತ್ತಿರ ಎರಡು ಹೆಚ್ಚುವರಿ ಪ್ರತಿಗಳಿವೆ. ಸಿದ್ಧಾರ್ಥನ ವಿರುದ್ಧ ಮತ ಹಾಕಿದವರ ವಾದ ಏನಿತ್ತು ಎಂಬುದನ್ನು ಒಬ್ಬರು ಮಂಡಿಸಬೇಕು. ಬಿಟಿಎಂನ ತಂಗಿ ಒಪ್ಪಿದ್ದಾಳೆ.

ಜೈ ಭೀಮ್. ನಮೋ ಬುದ್ಧಾಯ.