ಹನಿ ಕಾಣುತ್ತದೆ, ಆವಿ ಕಾಣುವುದಿಲ್ಲ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ಭಾಗ, ಕಲಬುರಗಿ ಜಿಲ್ಲೆಯ ತಾಂಡೂರು ತಾಲೂಕು ನಮ್ಮ ರಾಜ್ಯದ ಗಡಿಯಾಚೆ ಹೋದವು. ಅಲ್ಲಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಮಾತು ಕನ್ನಡವೇ. ಅಲ್ಲಿಂದ ಬಂದ ನಾಲ್ಕು ಪತ್ರಗಳನ್ನು ಈ ಸಲ ಒಟ್ಟಿಗೇ ತೆಗೆದುಕೊಂಡಿದ್ದೇನೆ. ನಾಲ್ಕೂ ಹಳೆಯ ಪೆಟ್ರೋಲ್ ಎಂಜಿನ್ನಿನವು, ನಾಲ್ಕರದ್ದೂ ಸೋರುವ ಸಮಸ್ಯೆ.

ಪ್ರಶ್ನೆ: ಸರ್, ನನ್ನದು 1999ರ 100 ಸಿಸಿ ಬೈಕ್ ಅದ. ರಾತ್ರಿ ಪಡಸಾಲ್ಯಾಗ ನಿಲ್ಲಿಸ್ತೀನಿ. ಮುಂಜಾನೆ ಎದ್ದು ನೋಡಿದ್ರ ಫರಸಿ ಮ್ಯಾಲ ಅಂಗೈಯಷ್ಟು ಕಲೆ, ಮನಿ ತುಂಬಾ ವಾಸನಿ. ಎರಡು ಸಲ ಪೈಪ್ ಬದಲಿ ಮಾಡ್ಸಿದೆ, ಸೋರೋದು ನಿಂತಿಲ್ಲ. ನಮ್ಮ ಕಡೀ ಕಬ್ಬಿನ ಎಥೆನಾಲ್ ಪೆಟ್ರೋಲಿಗೆ ಹಾಕ್ಲಿಕತ್ತಾಗಿಂದ ಹಿಂಗ ಅಂತ ಮಿಸ್ತ್ರಿ ಹೇಳ್ತಾನ. ಖರೇನಾ?
— ಓದುಗ, ಜಹೀರಾಬಾದ್

ಉತ್ತರ: ಇವತ್ತು ರಾತ್ರಿಯಿಂದಲೇ ಬೈಕನ್ನು ಪಡಸಾಲೆಯಿಂದ ಹೊರಗೆ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಹೊಸ್ತಿಲು ದಾಟಿ ಅಡುಗೆಮನೆ ಸೇರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಬೆರೆತರೂ ಹೊತ್ತಿಕೊಳ್ಳುತ್ತದೆ. ದೇವರ ಮುಂದಿನ ದೀಪ, ಗ್ಯಾಸ್ ಒಲೆ, ಫ್ರಿಜ್ಜಿನ ಒಳಗಿನ ಸ್ವಿಚ್ಚು, ಯಾವುದಾದರೂ ಸಾಕು. ಸೀಮೆಎಣ್ಣೆ ಚೆಲ್ಲಿದಾಗ ಒರೆಸಿ ಸುಮ್ಮನಾದ ಅಭ್ಯಾಸ ನಮಗಿದೆ, ಆ ಧೈರ್ಯವನ್ನು ಇಲ್ಲಿಗೆ ತರಬೇಡಿ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ.

ಇನ್ನು ಸೋರುವ ಜಾಗ. ಎರಡು ಸಲ ಪೈಪ್ ಬದಲಿಸಿದ್ದೀರಿ ಎಂದರೆ ಹನಿ ಬಿದ್ದಲ್ಲಿ ನೋಡಿದ್ದೀರಿ, ಹನಿ ಹುಟ್ಟಿದಲ್ಲಿ ನೋಡಿಲ್ಲ. ಪೆಟ್ರೋಲ್ ಮೇಲಿಂದ ಜಿನುಗಿ, ಪೈಪಿನ ಬೆನ್ನ ಮೇಲೆ ಹರಿದು, ಕೊನೆಗೆ ಎಲ್ಲೋ ತೊಟ್ಟಿಕ್ಕುತ್ತದೆ. ಎಂಜಿನ್ ತಣ್ಣಗಿರುವಾಗ ಟಾಕಿಯ ಅಡಿಭಾಗ, ಕಾಕ್, ಪೈಪ್, ಕಾರ್ಬ್ಯುರೇಟರ್ ಎಲ್ಲವನ್ನೂ ಸೋಪಿನ ನೀರಿನಿಂದ ತೊಳೆದು, ಒಣ ಅರಿವೆಯಿಂದ ಒರೆಸಿ, ಮೇಲೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಕಾಕ್ ಬಂದ್ ಮಾಡಿ, ಅಂಗಳದಲ್ಲಿ ಕೆಳಗೊಂದು ಪೇಪರ್ ಹಾಸಿ ರಾತ್ರಿ ಬಿಡಿ. ಮುಂಜಾನೆ ಪೇಪರ್ ಮೇಲೆ ಕಲೆ ಇದ್ದರೆ ತಪ್ಪು ಕಾಕಿನಲ್ಲಿ ಅಥವಾ ಅದಕ್ಕಿಂತ ಮೇಲೆ: ಕಾಕ್ ಟಾಕಿಗೆ ಕೂಡುವಲ್ಲಿನ ವಾಷರ್, ಇಲ್ಲವೇ ಟಾಕಿಯ ಬೆಸುಗೆ. ಕಲೆ ಇಲ್ಲದಿದ್ದರೆ ಮರುದಿನ ನಿಮ್ಮ ಕಣ್ಣೆದುರೇ ಒಂದು ತಾಸು ಕಾಕ್ ತೆರೆದಿಟ್ಟು ನೋಡಿ. ಆಗ ಸೋರಿದರೆ ತಪ್ಪು ಕೆಳಗಿದೆ. ಪೌಡರ್ ಮೊದಲು ಎಲ್ಲಿ ಒದ್ದೆಯಾಗಿ ಕಪ್ಪಾಗಿದೆಯೋ ಅಲ್ಲಿಗೇ ಪಾನಾ ಹಾಕಿ.

ನೀವು ಬರೆದದ್ದು ನೋಡಿದರೆ ನನಗೆ ಕಾರ್ಬ್ಯುರೇಟರ್ ಮೇಲೆ ಅನುಮಾನ. ಅದರ ಬಟ್ಟಲಿನಲ್ಲಿ ತೇಲುವ ಫ್ಲೋಟ್ ಮೇಲೆದ್ದು ನೀಡಲ್ಲನ್ನು ಒತ್ತಿ ಪೆಟ್ರೋಲ್ ನಿಲ್ಲಿಸಬೇಕು. ಇಪ್ಪತ್ತೈದು ವರ್ಷದ ಗಾಡಿಯಲ್ಲಿ ನೀಡಲ್ಲಿನ ತುದಿ ಸವೆದು ಸಣ್ಣ ಉಂಗುರದ ಗೆರೆ ಬಿದ್ದಿರುತ್ತದೆ. ಉಗುರು ಆಡಿಸಿದರೆ ತಿಳಿಯುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಗುಳುಗುಳು ಅಂದರೆ ಅದು ತೂತಾಗಿ ಪೆಟ್ರೋಲ್ ಕುಡಿದಿದೆ, ಬದಲಿಸಬೇಕು. ಇನ್ನೊಂದನ್ನು ತಪ್ಪದೇ ನೋಡಿ: ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಪೆಟ್ರೋಲ್ ಎಂಜಿನ್ನಿನ ಹೊಟ್ಟೆಗೂ ಇಳಿದಿದೆ. ಆಯಿಲ್ ಬದಲಿಸದೆ ಕಿಕ್ ಹೊಡೆಯಬೇಡಿ.

ಎಥೆನಾಲ್ ಮಾತು ಅರ್ಧ ಖರೆ. ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, 2025ರ ಹೊತ್ತಿಗೆ ಬಂಕುಗಳಲ್ಲಿ ಅದೇ ಸಾಮಾನ್ಯವಾಯಿತು. ನಿಮ್ಮ ಬೈಕಿನ ರಬ್ಬರ್ ಅದನ್ನು ನೋಡಿ ಮಾಡಿದ್ದಲ್ಲ. ಎಥೆನಾಲ್ ತಾಗಿದರೆ ಹಳೆಯ ರಬ್ಬರ್ ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರಿಯುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಬೇರ್ಪಟ್ಟು ಟಾಕಿಯ ತಳ ಸೇರಿ ತುಕ್ಕು ಹಿಡಿಸುತ್ತದೆ. ಆದರೆ ಇಪ್ಪತ್ತೈದು ವರ್ಷದ ವಾಷರ್ ಬರೀ ಪೆಟ್ರೋಲಿಗೂ ಒಂದು ದಿನ ಸೋಲುತ್ತಿತ್ತು. ಕಬ್ಬು ಬೆಳೆದವರನ್ನು ದೂರುವ ಬದಲು ಎಲ್ಲ ರಬ್ಬರನ್ನೂ ಒಂದೇ ಸಲ ಹೊಸದು ಮಾಡಿಸಿ: ಕಾಕಿನ ವಾಷರ್, ಬಟ್ಟಲಿನ ಗ್ಯಾಸ್ಕೆಟ್, ನೀಡಲ್, ಪೈಪ್. ಕೊಳ್ಳುವಾಗ ಎಥೆನಾಲ್ ತಡೆಯುವ ಇಂಧನದ ಪೈಪ್ ಎಂದೇ ಕೇಳಿ. ಅಂಗಡಿಯಲ್ಲಿ ನೀರಿನ ಮಟ್ಟ ನೋಡುವ ಪಾರದರ್ಶಕ ಪೈಪ್ ಕತ್ತರಿಸಿ ಕೊಟ್ಟರೆ ವಾಪಸ್ ಕೊಡಿ. ಅದು ಕೆಲವೇ ತಿಂಗಳಲ್ಲಿ ಹಳದಿಯಾಗಿ, ಕಟ್ಟಿಗೆಯ ಹಾಗೆ ಬಿರುಸಾಗಿ ಬಿರಿಯುತ್ತದೆ. ಬಿಗಿಯಲು ಬೈಂಡಿಂಗ್ ತಂತಿಯೂ ಬೇಡ, ತಂತಿ ರಬ್ಬರನ್ನು ಕೊಯ್ಯುತ್ತದೆ. ಕ್ಲಿಪ್ ಹಾಕಿ.

ಪ್ರಶ್ನೆ: ಅಣ್ಣಾವ್ರೆ, ನಮ್ಮದು ಹಳೇ ಓಮ್ನಿ. ಇಂಜೆಕ್ಷನ್ ಮಾಡೆಲ್. ಮಕ್ಕಳನ್ನ ಸಾಲಿಗೆ ಬಿಡ್ಲಿಕ್ಕೆ ಅದೇ ಗಾಡಿ. ಚಾಲೂ ಮಾಡಿದ ಕೂಡಲೇ ಒಳಗ ಪೆಟ್ರೋಲ್ ವಾಸನಿ, ಬಂದ್ ಮಾಡಿದ್ರ ಕಡಿಮಿ ಆಗ್ತದ. ಕಿಟಕಿ ತೆಗದು ನಡಸ್ಲಿಕತ್ತೀವಿ.
— ಓದುಗಳು, ತಾಂಡೂರು

ಉತ್ತರ: ತಂಗೀ, ದುರಸ್ತಿಯಾಗುವವರೆಗೆ ಆ ಗಾಡಿಯಲ್ಲಿ ಮಕ್ಕಳನ್ನು ಕೂಡಿಸಬೇಡ. ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೋರಿದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ, ಕೂತವರ ಕೆಳಗೇ ಬೀಳುತ್ತದೆ. ಕಿಟಕಿ ತೆಗೆದರೆ ವಾಸನೆ ಹೋದೀತು, ಸೋರುವುದು ನಿಲ್ಲುವುದಿಲ್ಲ.

ಚಾಲೂ ಮಾಡಿದಾಗ ಮಾತ್ರ ವಾಸನೆ ಬರುತ್ತದೆ ಎಂದು ಬರೆದಿದ್ದೀಯಲ್ಲ, ಅದೇ ದೊಡ್ಡ ಸುಳಿವು. ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಸುಮಾರು 3 ಕೆಜಿ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಹನಿಯಾಗಿ ಬೀಳದೆ ಮಂಜಿನ ಹಾಗೆ ಸಿಡಿಯುತ್ತದೆ. ಹಾಗಾಗಿ ನೆಲದ ಮೇಲೆ ಕಲೆ ಕಾಣದೆಯೂ ಇರಬಹುದು. ಕಾರ್ಬ್ಯುರೇಟರ್ ಗಾಡಿಯ ಸಾದಾ ಪೈಪ್ ಹಾಕಿ ಕ್ಲಿಪ್ ಬಿಗಿದರೆ ಇದಕ್ಕೆ ನಡೆಯದು, ಇಂಜೆಕ್ಷನ್ ಒತ್ತಡ ತಡೆಯುವ ಪೈಪೇ ಬೇಕು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗಾಡಿಯನ್ನು ಓಡಿಸಿಕೊಂಡು ಹೋಗದೆ ಮಿಸ್ತ್ರಿಯನ್ನು ಮನೆಗೇ ಕರೆಸು, ಇಲ್ಲವೇ ಎಳೆಸಿಕೊಂಡು ಹೋಗು.

ಪ್ರಶ್ನೆ: ಸಿಂಗೂರು ಹಿನ್ನೀರಿನ್ಯಾಗ ಮೀನು ಹಿಡೀತೀವ್ರಿ. ದೋಣಿಗೆ ಹಳೇ ಪೆಟ್ರೋಲ್ ಎಂಜಿನ್ ಹಚ್ಚೀವಿ, ಟಾಕಿ ಬ್ಯಾರೆ, ನಡುವ ಪೈಪು, ಕೈಲೆ ಒತ್ತೋ ರಬ್ಬರ್ ಉಂಡಿ. ಮಧ್ಯಾಹ್ನದ ಹೊತ್ತಿಗೆ ದೋಣಿ ತಳದ ನೀರಿನ ಮ್ಯಾಲ ಬಣ್ಣಬಣ್ಣದ ಪೊರೆ ತೇಲ್ತದ. ಬಯಲು ನೀರಿನ್ಯಾಗ ಗಾಳಿ ಇರ್ತದಲ್ಲ, ಏನಾಗ್ತದ ಅಂತಾರ ಜೊತಿಗಾರರು.
— ಓದುಗ, ನಾರಾಯಣಖೇಡ

ಉತ್ತರ: ನಾಲ್ಕು ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮದು. ಗಾಡಿ ಹೊತ್ತಿಕೊಂಡರೆ ಇಳಿದು ಓಡಬಹುದು. ಸಿಂಗೂರು ಸುಮಾರು 30 ಟಿಎಂಸಿ ನೀರು ಹಿಡಿಯುವ ಜಲಾಶಯ, ನಡು ಹಿನ್ನೀರಿನಲ್ಲಿ ಓಡಲು ಜಾಗ ಎಲ್ಲಿದೆ?

ಬಯಲಿನ ಗಾಳಿ ದೋಣಿಯ ಅಂಚಿನ ಮೇಲೆ ಬೀಸಿ ಹೋಗುತ್ತದೆ. ದೋಣಿ ಒಂದು ಬಟ್ಟಲು. ಭಾರವಾದ ಆವಿ ಅದರ ತಳದಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಹಾಯಿದೋಣಿಗಳ ಹೊಟ್ಟೆಯೊಳಗೆ ಪೆಟ್ರೋಲ್ ಎಂಜಿನ್ ಇಡುತ್ತಿದ್ದ ಕಾಲದಲ್ಲಿ ಅಮೆರಿಕದವರು ಇದನ್ನು ಕಷ್ಟಪಟ್ಟು ಕಲಿತರು. ಅಟಾಮಿಕ್ ಫೋರ್ ಎಂಬ ಎಂಜಿನ್ನಿರುವ ಹಳೆಯ ಹಾಯಿದೋಣಿಗಳು ಅಲ್ಲಿ ಇನ್ನೂ ಇವೆ. ಚಾಲೂ ಮಾಡುವ ಮೊದಲು ತಳದ ಗಾಳಿಯನ್ನು ಫ್ಯಾನಿನಿಂದ ನಾಲ್ಕು ನಿಮಿಷ ಹೊರಗೆ ಹಾಕಬೇಕು, ಆಮೇಲೆ ತಳಕ್ಕೆ ಮೂಗು ಹಿಡಿದು ಮೂಸಬೇಕು ಎಂಬುದು ಅವರ ಕಟ್ಟಳೆ. ನಿಮ್ಮ ತೆರೆದ ದೋಣಿಗೆ ಫ್ಯಾನ್ ಬೇಕಿಲ್ಲ, ಮೂಗು ಬೇಕು. ವಾಸನೆ ಇದ್ದರೆ ಹಗ್ಗ ಎಳೆಯಬೇಡಿ, ಬೀಡಿಯಂತೂ ಬೇಡವೇ ಬೇಡ.

ಸೋರುವುದು ಮಧ್ಯಾಹ್ನ ಅಂದಿರಿ. ಟಾಕಿ ಬಿಸಿಲಿನಲ್ಲಿ ಇದೆ ತಾನೆ? ಮುಚ್ಚಳದ ಗಾಳಿ ಸ್ಕ್ರೂ ಬಂದಾಗಿದ್ದರೆ ಕಾದ ಪೆಟ್ರೋಲ್ ಉಬ್ಬಿ, ಆವಿಯ ಒತ್ತಡ ಪೆಟ್ರೋಲನ್ನು ಪೈಪಿನ ಗುಂಟ ಎಂಜಿನ್ನಿಗೆ ತಳ್ಳುತ್ತದೆ. ಕಾರ್ಬ್ಯುರೇಟರ್ ಉಕ್ಕಿ ದೋಣಿಗೆ ಇಳಿಯುತ್ತದೆ. ನಡೆಯುವಾಗ ಆ ಸ್ಕ್ರೂ ತೆರೆದಿರಲಿ. ಬಲೆ ಬಿಟ್ಟು ಕಾಯುವಾಗ ಪೈಪನ್ನು ಎಂಜಿನ್ನಿನಿಂದ ಬಿಚ್ಚಿಡಿ, ಟಾಕಿಗೆ ನೆರಳು ಮಾಡಿ.

ಇಷ್ಟಾದರೂ ಪೊರೆ ಕಂಡರೆ ರಬ್ಬರ್ ಉಂಡೆಯನ್ನು ಒತ್ತಿ ಗಟ್ಟಿ ಮಾಡಿ, ಎಂಜಿನ್ ಚಾಲೂ ಮಾಡದೆ ಹತ್ತು ನಿಮಿಷ ಬಿಡಿ. ಅದು ಮೆತ್ತಗಾದರೆ ಎಲ್ಲೋ ಒತ್ತಡ ಬಿಡುತ್ತಿದೆ. ಉಂಡೆಯನ್ನು ಬಾಗಿಸಿ ಬಿರುಕು ನೋಡಿ, ಎರಡೂ ತುದಿಯ ಜೋಡಣೆಯಲ್ಲಿ ಬೆರಳು ಆಡಿಸಿ ಮೂಸಿ. ಜೋಡಣೆಯೊಳಗಿನ ಸಣ್ಣ ರಬ್ಬರ್ ಉಂಗುರವೇ ಎಷ್ಟೋ ಸಲ ಕಳ್ಳ. ಉಂಡೆ, ಪೈಪ್, ಉಂಗುರ ಒಟ್ಟಿಗೆ ಸೆಟ್ಟಾಗಿ ಸಿಗುತ್ತವೆ, ಅರ್ಧ ಹಳತು ಅರ್ಧ ಹೊಸತು ಮಾಡಬೇಡಿ.

ಪೆಟ್ರೋಲನ್ನು ದೋಣಿಯಲ್ಲಿ ಕೂತು ಸುರಿಯಬೇಡಿ. ಟಾಕಿಯನ್ನು ದಂಡೆಗೆ ತಂದು ನೆಲದ ಮೇಲಿಟ್ಟು ತುಂಬಿಸಿ, ಒರೆಸಿ, ಆಮೇಲೆ ದೋಣಿಗೆ ಏರಿಸಿ. ತಳದ ಪೊರೆಯನ್ನು ಅರಿವೆಯಿಂದ ಹೀರಿಸಿ ದಂಡೆಗೆ ತನ್ನಿ, ಜಲಾಶಯಕ್ಕೆ ಹಿಂಡಬೇಡಿ. ನೀವು ಹಿಡಿಯುವ ಮೀನು ಅದೇ ನೀರಿನದು. ಒಂದು ಡಬ್ಬಿ ಒಣ ಉಸುಕು, ಸಾಧ್ಯವಾದರೆ ಒಣ ಪುಡಿಯ ಅಗ್ನಿಶಾಮಕ, ಕೈಗೆ ಸಿಗುವಲ್ಲಿರಲಿ. ಸುತ್ತಲೂ ನೀರಿದ್ದರೂ ಪೆಟ್ರೋಲ್ ಬೆಂಕಿಗೆ ನೀರು ಹೊಯ್ಯಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ನಿಮ್ಮ ಕಾಲ ಬುಡಕ್ಕೇ ತರುತ್ತದೆ.

ಪ್ರಶ್ನೆ: ನಮ್ಮದು ಫರಸಿ ಕಲ್ಲಿನ ಪಾಲಿಶ್ ಕಾರ್ಖಾನಿ. ವೆಲ್ಡಿಂಗ್ ಮಷೀನ್ ನಮ್ಮಲ್ಲೇ ಅದ. ಅಪ್ಪನ ಕಾಲದ ಸ್ಕೂಟರ್ ಟಾಕಿಗೆ ಸೂಜಿಯಷ್ಟು ತೂತು. ಬಟ್ಟಿ ಸೋಪು ತಿಕ್ಕಿ ಇಷ್ಟು ದಿನ ನಡಸಿದೆ. ಈಗ ಟಾಕಿ ಬಿಚ್ಚಿ, ಖಾಲಿ ಮಾಡಿ, ಎರಡು ದಿನ ಬಿಸಿಲಿಗೆ ಇಟ್ಟೀನಿ. ನಾನೇ ಬೆಸುಗೆ ಹಾಕ್ಲಾ?
— ಓದುಗ, ತಾಂಡೂರು

ಉತ್ತರ: ಹಾಕಬೇಡಿ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಅಂಗಡಿಯಲ್ಲಿ ಇದೇ ಕೆಲಸ ನೋಡಿದ್ದೇನೆ. ಟಾಕಿ ಖಾಲಿ, ಬಿಸಿಲಲ್ಲಿ ಒಣಗಿತ್ತು, ಮುಚ್ಚಳವೂ ತೆರೆದಿತ್ತು. ಹುಡುಗ ಅದನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು ಬೆಸುಗೆ ಕಡ್ಡಿ ತಾಗಿಸಿದ. ಶಬ್ದ ಕೇಳಿದ ಮೇಲೆ ನಾನು ನೋಡಿದ್ದು ಟಾಕಿಯ ಅಂಚು ಹಲಸಿನ ಹಣ್ಣು ಬಿರಿದ ಹಾಗೆ ಬಿಚ್ಚಿಕೊಂಡದ್ದು, ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತದ್ದು. ಅವನ ಹುಬ್ಬು ಮತ್ತೆ ಬಂತು, ಬಲಗೈ ಬೆರಳುಗಳು ಮೊದಲಿನ ಹಾಗೆ ಮಡಚಲಿಲ್ಲ.

ಟಾಕಿಯ ಬೆಸುಗೆಯ ಮಡಿಕೆಯಲ್ಲಿ, ಒಳಗಿನ ತುಕ್ಕಿನಲ್ಲಿ ಪೆಟ್ರೋಲ್ ಅಡಗಿರುತ್ತದೆ. ಹತ್ತು ಲೀಟರಿನ ಟಾಕಿಯ ಗಾಳಿ ಸಿಡಿಯುವಂತಾಗಲು ಒಂದು ಮಿಲಿಲೀಟರ್ ಪೆಟ್ರೋಲ್ ಆವಿಯಾದರೆ ಸಾಕು. ಅಷ್ಟು ಅಡಗಿದ್ದರೂ ಬೆಸುಗೆಯ ಕಾವಿಗೆ ಅದು ಹೊರಗೆ ಬರುತ್ತದೆ. ಪೆಟ್ರೋಲ್ ತುಂಬಿದ ಟಾಕಿಯಲ್ಲಿ ಗಾಳಿಗೆ ಜಾಗವಿಲ್ಲ, ಖಾಲಿ ಟಾಕಿಯಲ್ಲಿ ಗಾಳಿ, ಆವಿ ಎರಡೂ ಇರುತ್ತವೆ. ಅದಕ್ಕೇ ಖಾಲಿ ಎಂದವರು ಸುಡುತ್ತಾರೆ.

ಸೋಪು ದಾರಿಯಲ್ಲಿ ನಿಂತ ಗಾಡಿಯನ್ನು ಮನೆಗೆ ತರಲು ಸರಿ, ಒಂದು ಮಳೆ ಬಿದ್ದರೆ ಕರಗಿ ಹೋಗುತ್ತದೆ. ಒಂದು ತೂತು ಕಂಡಿದೆ ಎಂದರೆ ಒಳಗಿನಿಂದ ತುಕ್ಕು ಹತ್ತು ಕಡೆ ತಗಡನ್ನು ತೆಳ್ಳಗೆ ಮಾಡಿರುತ್ತದೆ. ಅಪ್ಪನ ಸ್ಕೂಟರ್ ಉಳಿಸಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. ಸ್ಕೂಟರ್ ಉಳಿಸಿ, ಟಾಕಿ ಬದಲಿಸಿ. ಹಳೆಯ ಟಾಕಿಯನ್ನು ಗುಜರಿಗೆ ಕೊಡುವ ಮುನ್ನ ಅದರ ಮೇಲೆ ಸುಣ್ಣದಲ್ಲಿ ‘ಪೆಟ್ರೋಲ್ ಟಾಕಿ’ ಎಂದು ದೊಡ್ಡದಾಗಿ ಬರೆಯಿರಿ, ಕೊಳ್ಳುವವನಿಗೆ ಬಾಯಲ್ಲೂ ಹೇಳಿ. ಅಲ್ಲಿ ಅದನ್ನು ಕತ್ತರಿಸುವವನೂ ಯಾರದೋ ಮನೆಯ ಮಗ.