ಮೂಳೆಯ ಸವೆತವೂ ವಸಡಿನ ರೋಗವೂ

ಮೂಳೆಯೆಂದರೆ ಕಲ್ಲುಕಂಬದಂತೆ ಒಮ್ಮೆ ನಿಲ್ಲಿಸಿದ ಮೇಲೆ ಬದಲಾಗದ ವಸ್ತುವೆಂದು ನಾವು ಭಾವಿಸುವುದುಂಟು. ಅದು ಸರಿಯಲ್ಲ. ಮೂಳೆ ಜೀವಂತವಾದ ಅಂಗ. ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಎರಡು ಬಗೆಯ ಜೀವಕೋಶಗಳು ಅದರಲ್ಲಿ ಸದಾ ದುಡಿಯುತ್ತಿರುತ್ತವೆ. ಕರಗಿಸುವ ಕೋಶಕ್ಕೆ 1873ರಲ್ಲಿ ಕೊಲಿಕರ್ ಎಂಬ ವಿಜ್ಞಾನಿಯು ಇಟ್ಟ ಹೆಸರಿನ ಅರ್ಥ ‘ಅಸ್ಥಿಭಂಜಕ’ ಎಂದು. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇಕಡ 10 ಭಾಗ ಹೀಗೆ ನವೀಕರಣಗೊಳ್ಳುತ್ತದೆ.

ಕಟ್ಟುವುದಕ್ಕಿಂತ ಕೆಡಹುವುದೇ ಹೆಚ್ಚಾದರೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಇದೇ ಆಸ್ಟಿಯೋಪೊರೋಸಿಸ್. ಋತುಬಂಧದ ತರುವಾಯ ಸ್ತ್ರೀಯರಲ್ಲಿ ಈಸ್ಟ್ರೋಜನ್ ಕುಗ್ಗುವುದರಿಂದ ಅಸ್ಥಿಭಂಜಕಗಳಿಗೆ ಕಡಿವಾಣ ತಪ್ಪುತ್ತದೆ. ಮೂಳೆ ಮುರಿಯುವವರೆಗೂ ರೋಗದ ಸುಳಿವೇ ಸಿಗದಿರಬಹುದು.

ಇನ್ನು ವಸಡಿನ ರೋಗವನ್ನು ನೋಡೋಣ. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾಗಳ ಪದರವು ನೆಲೆಸಿದರೆ ದೇಹವು ಅದರೊಡನೆ ಹೋರಾಡುತ್ತದೆ. ವಸಡು ಊದಿಕೊಂಡು ರಕ್ತ ಒಸರುತ್ತದೆ. ಈ ಉರಿಯೂತವು ದೀರ್ಘಕಾಲ ನಿಂತರೆ ಅದು ಹೊರಡಿಸುವ ರಾಸಾಯನಿಕ ಸಂದೇಶಗಳು ದವಡೆಯ ಅಸ್ಥಿಭಂಜಕಗಳನ್ನು ಕೆರಳಿಸುತ್ತವೆ. ಹಲ್ಲನ್ನು ಹಿಡಿದ ಮೂಳೆ ಕರಗಿ, ಹಲ್ಲು ಅಲುಗಾಡುತ್ತದೆ.

ರೋಗಗಳು ಎರಡು, ಮೂಳೆಯನ್ನು ಕೆಡಹುವ ಕೋಶವಾದರೋ ಒಂದೇ. ಅದನ್ನು ಬೆಳೆಸಿ ಎಚ್ಚರಿಸುವ ‘ರ‍್ಯಾಂಕ್ ಲೈಗ್ಯಾಂಡ್’ ಎಂಬ ಪ್ರೋಟೀನು 1990ರ ದಶಕದ ಕೊನೆಯಲ್ಲಿ ಪತ್ತೆಯಾಯಿತು. ಎರಡು ರೋಗಗಳಲ್ಲಿಯೂ ಅದರ ಕೈವಾಡವುಂಟು.

ಹಾಗಾದರೆ ಒಂದು ಮತ್ತೊಂದಕ್ಕೆ ಕಾರಣವೆ? ಇಲ್ಲಿ ನಾವು ಎಚ್ಚರದಿಂದ ತರ್ಕಿಸಬೇಕು. ಎರಡೂ ಒಬ್ಬರಲ್ಲಿಯೇ ಕಾಣಿಸಿಕೊಳ್ಳುವುದನ್ನು ಅನೇಕ ಅಧ್ಯಯನಗಳು ಗುರುತಿಸಿವೆ. ಆದರೆ ಮುಪ್ಪು, ಧೂಮಪಾನ ಇವು ಎರಡಕ್ಕೂ ಸಮಾನವಾಗಿ ದಾರಿಮಾಡುತ್ತವೆ. ಜೊತೆಯಲ್ಲಿರುವುದೆಲ್ಲ ಕಾರಣವಾಗದು. ಮೂಳೆಯ ಸವೆತವೊಂದೇ ವಸಡಿನ ರೋಗವನ್ನು ಹುಟ್ಟಿಸಲಾರದು. ಅದಕ್ಕೆ ಬ್ಯಾಕ್ಟೀರಿಯಾ ಬೇಕು. ಆದರೆ ಮೊದಲೇ ದುರ್ಬಲವಾದ ದವಡೆಯು ಉರಿಯೂತಕ್ಕೆ ಬೇಗ ಸೋಲಬಹುದೆಂಬುದು ಯುಕ್ತವಾದ ಊಹೆ.

ಚಿಕಿತ್ಸೆಯಲ್ಲಿಯೂ ಈ ನಂಟು ಮುಖ್ಯ. ಮೂಳೆಯ ಸವೆತವನ್ನು ತಡೆಯುವ ಬಿಸ್‌ಫಾಸ್ಫೊನೇಟ್ ಔಷಧಗಳನ್ನು ಪಡೆದ ಕೆಲವರಲ್ಲಿ, ವಿಶೇಷವಾಗಿ ಹಲ್ಲು ಕಿತ್ತ ಬಳಿಕ, ದವಡೆಯ ಮೂಳೆ ನಿರ್ಜೀವವಾಗುವುದು 2003ರಿಂದ ವರದಿಯಾಗತೊಡಗಿತು. ಸಾಮಾನ್ಯ ರೋಗಿಗಳಲ್ಲಿ ಇದು ಬಹು ವಿರಳ. ಆದುದರಿಂದ ಔಷಧಕ್ಕೆ ಅಂಜಿ ತಾವಾಗಿಯೇ ಅದನ್ನು ನಿಲ್ಲಿಸಬಾರದು. ಆರಂಭಿಸುವ ಮೊದಲೇ ದಂತವೈದ್ಯರನ್ನು ಕಾಣುವುದು ಜಾಣತನ.

ಇದು ಅಜ್ಜಿಯಂದಿರ ಕಾಯಿಲೆ, ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಮೂಳೆಯ ಗಂಟು ಕೂಡುವುದು ಬಹುಮಟ್ಟಿಗೆ 30ರೊಳಗೆ. ಬಳಿಕ ಅದನ್ನು ಖರ್ಚುಮಾಡುವುದೇ ಹೆಚ್ಚು. ರಾಗಿ, ಹಾಲು, ಬಿಸಿಲು, ವ್ಯಾಯಾಮ, ದಿನಕ್ಕೆರಡು ಬಾರಿ ಹಲ್ಲುಜ್ಜುವ ಅಭ್ಯಾಸ, ಇವೇ ಆ ಗಂಟಿನ ಕಾವಲು.