ಬಾಣ ಎಲ್ಲಿ ನಿಲ್ಲಬೇಕು?

ಕ್ರಿಟಿಕಲ್ ಪಾತ್ ಎಂದರೆ ನಮ್ಮ ಕಾಮರ್ಸಿನವರಿಗೆ ಬಾಣ ಬರೆದು ಮಾರ್ಕು ಗಿಟ್ಟಿಸುವ ಲೆಕ್ಕ, ಅಷ್ಟೆ. ಅತಿ ಉದ್ದದ ದಾರಿಯಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸಕ್ಕೆ ಒಂದು ದಿನ ತಡ. ಹೊಸ ಅಣುವಿದ್ಯುತ್ ಸ್ಥಾವರದಲ್ಲಿ ಈ ಬಾಣಗಳು ಏನು ಮಾಡ್ತವೆ ನೋಡೋಣ.

ಮೊದಲು ಪಂಪು, ಕವಾಟ, ಡೀಸೆಲ್ ಜನರೇಟರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಆಮೇಲೆ ಇಂಧನವಿಲ್ಲದೆಯೇ ಕೊಳವೆ ವ್ಯವಸ್ಥೆಯನ್ನು ಒತ್ತಡದಲ್ಲಿ, ಬಿಸಿಯಲ್ಲಿ ಓಡಿಸುತ್ತಾರೆ. ರಿಯಾಕ್ಟರ್ ಕಟ್ಟಡ ಎಷ್ಟು ಸೋರುತ್ತದೆಂದು ಅಳೆಯುತ್ತಾರೆ. ಬಳಿಕ ಇಂಧನ, ಸರಪಳಿ ಕ್ರಿಯೆ, ಕೊನೆಗೆ ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಏರಿಸುವುದು. ಈ ಕ್ರಮ ಯಾಕೆ? ಕ್ರಿಯೆ ಶುರುವಾದ ಮೇಲೆ ಒಳಗೆ ವಿಕಿರಣ; ಹೋಗಿ ನಟ್ಟು ಬಿಗಿಯುವುದು ಸುಲಭವಲ್ಲ. ಮುಖ್ಯ ಘಟ್ಟಗಳಲ್ಲಿ ನಮ್ಮ ಮುಂಬಯಿಯಲ್ಲೇ ಇರುವ ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಬಾಣ ನಿಲ್ಲಬೇಕು.

ಗುಜರಾತಿನ ಕಾಕ್ರಾಪಾರದ 700 ಮೆಗಾವಾಟ್ ಘಟಕಗಳನ್ನೇ ನೋಡಿ. ಆ ಮಾದರಿಯಲ್ಲಿ ಮೊದಲನೆಯದಾದ 3ನೇ ಘಟಕದಲ್ಲಿ ಸರಪಳಿ ಕ್ರಿಯೆ ಶುರುವಾದದ್ದು 22 ಜುಲೈ 2020. ವಾಣಿಜ್ಯ ಉತ್ಪಾದನೆ 30 ಜೂನ್ 2023. ಸುಮಾರು ಮೂರು ವರ್ಷ! 4ನೇ ಘಟಕಕ್ಕೆ 17 ಡಿಸೆಂಬರ್ 2023ರಿಂದ 31 ಮಾರ್ಚ್ 2024, ಬರೀ 105 ದಿನ. ಮೊದಲನೆಯದಕ್ಕೆ ಬಿಡುವು ಹೆಚ್ಚು ಇಡಬೇಕೆಂಬುದಕ್ಕೆ ಇದೇ ಸಾಕ್ಷಿ.

ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ, ನಿಜ. ಆದರೆ ಚೆರ್ನೋಬಿಲ್ಲಿನ 4ನೇ ಘಟಕ 1983ರಲ್ಲಿ ಶುರುವಾದಾಗ ಟರ್ಬೈನಿನ ಒಂದು ಪರೀಕ್ಷೆ ಬಾಕಿ ಉಳಿದಿತ್ತು. ಅದನ್ನು 1986ರ ಏಪ್ರಿಲ್ 26ರಂದು ಮಾಡುವಾಗಲೇ ಸ್ಫೋಟವಾಯಿತು. ವಿನ್ಯಾಸದ ದೋಷ ಮುಂತಾಗಿ ಬೇರೆ ಕಾರಣಗಳೂ ಇದ್ದವು. ಆದರೂ ಒಂದು ಪಾಠ ಉಂಟು: ತಾರೀಕು ಮುಂದೆ ಹೋಗಲಿ, ಪರೀಕ್ಷೆ ಮಾತ್ರ ಹಿಂದೆ ಉಳಿಯಬಾರದು.